ಮೊದಲ ವಾಕ್ಯದ ಮಂಗ

ಬಾಲ ಅಲ್ಲಾಡಿತು, ಬದುಕಿದೆ, ಬಸ್ಸಿನ ಕಿಟಕಿಯಾಚೆ ಮೋರಿಕಟ್ಟೆಯ ಮೇಲೆ ಕೂತ ಮಂಗ ಯಾರೋ ಎಸೆದ ಕಡಲೆಕಾಯಿಗೆ ಕೈ ಚಾಚಿತು — ಮಂಗ ಕಂಡರೆ ಮೊದಲು ಬದುಕಿದೆಯಾ ಎಂದು ನೋಡುವುದು ಕ್ಯಾಸನೂರು ಕಡೆಯವರ ಚಾಳಿ, ಶ್ರೀಲತಾಳ ಕಣ್ಣಿಗೂ ಅದೇ — ಸೊರಬ ಹಿಂದೆ ಉಳಿಯಿತು, ಇನ್ನೇನು ಶಿಕಾರಿಪುರ, ಇವತ್ತು ಹೆದರಿಕೆಯಿಲ್ಲ, ಮಡಿಲಲ್ಲಿ ಅವಳೇ ಇಂಗ್ಲಿಷಿನಲ್ಲಿ ಬರೆದ ಹಾಳೆಗಳು, ಅಲ್ಲಿನ ಇಂಗ್ಲಿಷ್ ತರಗತಿಯಲ್ಲಿ ಎದ್ದು ನಿಂತು ಓದಬೇಕು, ಚೆನ್ನಾಗಿ ಬರೆದವರಿಗೆ ಮಾತ್ರ ಮುಂದಿನ ತರಗತಿ ಎಂದಿದ್ದಾರೆ ಮಧುಶ್ರೀ ಮೇಡಂ, ಅದು ಸಿಕ್ಕರೆ ದೂರಶಿಕ್ಷಣದ ಡಿಗ್ರಿ ಕಟ್ಟುವ ಧೈರ್ಯ ಬಂದೀತು, ಶಾಲೆ ಬಿಟ್ಟವಳು ಮನೆಯಲ್ಲೇ ಓದಿ ಪಿಯುಸಿ ದಾಟಿದ್ದಾಯಿತು, ಈಗ ಡಿಗ್ರಿ, ಅಯ್ಯೋ, ಡಿಗ್ರಿ! ಕಳೆದ ಸಲ ಮಂಗನ ಕಾಯಿಲೆ ಬಗ್ಗೆ ಬರೆಯಿರಿ ಎಂದಾಗ ಅವಳು ಊರಿನ ಕಾಡು ಬರೆದಳು, ಹೊಳೆ ಬರೆದಳು, ಅಜ್ಜಿಯ ಹಸು ಬರೆದಳು, ಮೇಡಂ ನಕ್ಕರು, ಚೆನ್ನಾಗಿದೆ ರೀ ಶ್ರೀಲತಾ, ಆದ್ರೆ ಕಾಯಿಲೆ ಎಲ್ರೀ, ಕೊನೇ ಪುಟದಲ್ಲಿ ಅಡಗಿಸಿಟ್ಟಿದೀರಲ್ಲ, ಇಂಗ್ಲಿಷ್ ಪ್ರಬಂಧದಲ್ಲಿ ಮುಖ್ಯವಾದ್ದನ್ನ ಬಾಗಿಲಲ್ಲೇ ಹೇಳ್ಬೇಕು — ಹಿಂದಿನ ಬೆಂಚಿನಿಂದ ಯತೀಶ, ಸೊರಬದೋರು ಮೊದ್ಲು ನೀರು ಬೆಲ್ಲ ಕೊಡ್ತಾರ್ರೀ ಮೇಡಂ, ಆಮೇಲೇ ಮಾತು — ಎಲ್ಲರೂ ನಕ್ಕರು, ಅವಳ ಕಿವಿ ಕಾದುಹೋಯಿತು, ಆದರೆ ನಿಜ ತಾನೇ, ಬಾಗಿಲಲ್ಲೇ ಯಾರು ವಿಷಯ ಹೇಳುತ್ತಾರೆ, ಅದರಲ್ಲೂ ಕೆಟ್ಟ ಸುದ್ದಿ — ಆ ನಗುವಿನ ನಡುವೆಯೇ ಆಚೆಮನೆಯ ಸಣ್ಣಬೀರಪ್ಪ ಮಾವ ಕಣ್ಣಮುಂದೆ ಬಂದು ಕೂತ, ಅವಳಿನ್ನೂ ಶಾಲೆಗೆ ಹೋಗುತ್ತಿದ್ದಾಗ ಒಂದು ದಿನ ಅವರ ಮನೆ ಜಗಲಿ ಮೇಲೆ ಕೂತ ಹಾಗೆಯೇ.

ಅಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟೇ ನಿಂತಿದ್ದರು, ಕೂತಿರು ಮಾರಾಯ, ಕೊಟ್ಟಿಗೆಗೆ ಒಂದು ಹೊರೆ ತರಗೆಲೆ ತಂದ್ಬಿಡ್ತೀನಿ, ಕಾಡಿನ ಕಡೆ ನಡೆದರು, ಮಾವ ನೀರು ಕುಡಿದ, ಬೆಲ್ಲ ಕಚ್ಚಿದ, ಈ ಸಲ ಬೆಲ್ಲ ಕರ್ರಗೈತೆ ತಂಗಿ ಎಂದು ಅಮ್ಮನಿಗೆ ಹೇಳಿದ, ಕರು ಹಾಲು ಕುಡೀತದಾ ಕೇಳಿದ, ಎಲೆ ಅಡಿಕೆ ಹಾಕಿದ, ಎದ್ದ, ಚಪ್ಪಲಿ ಮೆಟ್ಟಿದ, ಅಂದಂಗೆ ತಂಗಿ, ಕಾಡಿನ ದಾರೀಲಿ ಮಂಗ ಸತ್ತು ಬಿದ್ದೈತೆ, ಅಂಗೈ ಹಿಂಗೆ ಮೇಲೆ ಮಾಡ್ಕಂಡು, ಏನೋ ಕೇಳ್ದಂಗೆ — ತನ್ನ ಅಂಗೈಯನ್ನೂ ಹಾಗೇ ಹಿಡಿದು ತೋರಿಸಿದ — ಅವಳು ಓಡಿದಳು, ಅಪ್ಪಾ, ಅಪ್ಪಾ, ದಾರಿ ಬದಿಯಲ್ಲಿ, ಅಪ್ಪ ಗಮನಿಸದ ತರಗೆಲೆಯೊಳಗೆ, ಆ ಅಂಗೈ, ಅದನ್ನು ದಾಟಿ ಓಡಿದಳು, ಎದುರಿಗೆ ಅಪ್ಪ, ತಲೆ ಮೇಲೆ ಹೊರೆ, ಸತ್ತ ಮಂಗನ ಮೈಯಿಂದ ಎಲೆಗಿಳಿದ ಉಣುಗು, ಆ ರಕ್ತ ಹೀರುವ ಹುಳ, ಅಷ್ಟು ಹೊತ್ತಿಗೆ ಕಚ್ಚಿಯಾಗಿತ್ತು, ಆಮೇಲೆ ಜ್ವರ, ಅಮ್ಮ ಆಸ್ಪತ್ರೆಯಲ್ಲಿ ಅಪ್ಪನ ಹತ್ತಿರ, ದನವೂ ಒಲೆಯೂ ಅವಳ ಪಾಲಿಗೆ, ಅಪ್ಪ ಉಳಿದರು, ಶಾಲೆ ಉಳಿಯಲಿಲ್ಲ — ಬಾಗಿಲಲ್ಲೇ ಹೇಳಿದ್ದರೆ, ನೀರಿಗೆ ಮೊದಲು, ಬೆಲ್ಲಕ್ಕೆ ಮೊದಲು — ಅದಕ್ಕೇ ಕಳೆದ ಸಲ ತರಗತಿಯಿಂದ ಮನೆಗೆ ಹೋದವಳೇ ಪ್ರಬಂಧದ ಹಸುವನ್ನು ಕೆಳಗಿಳಿಸಿದಳು, ಹೊಳೆಯನ್ನು ಕೆಳಗಿಳಿಸಿದಳು, ಕೊನೆಯ ಪುಟದ ಮಂಗನನ್ನು ಎತ್ತಿ ಮೊದಲ ಸಾಲಿಗೆ ತಂದಳು, ಎಷ್ಟು ಹಗುರ, ಎಷ್ಟು ಸುಲಭ, ನಗು ಬಂತು, ಮೈ ಜುಮ್ಮೆಂದಿತು! ಇವತ್ತು ಬೆಳಿಗ್ಗೆ ಬಸ್ಸಿಗೆ ಬಿಡಲು ಬಂದ ಅಪ್ಪ, ಸಣ್ಣಬೀರಪ್ಪನ ಹೆಸ್ರು ಹಾಕಿದೀಯೇನೇ, ಪಾಪ, ನೊಂದ್ಕಂತಾನೆ, ಇಲ್ಲಪ್ಪ, ಬರೀ ಮಂಗ, ಹಂಗಾರೆ ಗಟ್ಟಿಯಾಗಿ ಓದು.

ಮೆಟ್ಟಿಲು, ಬೆಂಚು, ಫ್ಯಾನಿನ ಸದ್ದು, ಓದಿ ಶ್ರೀಲತಾ, ಎದ್ದಳು, ನೀರು ಬೆಲ್ಲ ಆಯ್ತೇನ್ರೀ ಎಂದ ಯತೀಶ, ಅವಳೂ ನಕ್ಕಳು, ಇವತ್ತು ಇಲ್ಲ ರೀ — ತನ್ನ ದನಿಯೇ, ಇಷ್ಟು ದೊಡ್ಡ ದನಿ — ದಿ ಮಂಕಿ ಡೈಸ್ ಫಸ್ಟ್, ಮೊದಲು ಸಾಯುವುದು ಮಂಗ — ಯಾರೂ ನಗಲಿಲ್ಲ, ಯತೀಶನೂ, ಮೇಡಂ ಪೆನ್ನು ಕೆಳಗಿಟ್ಟರು, ಮುಂದಿನ ತರಗತಿಗೆ ಬರ್ತಿದೀರ ನೀವು, ಓದಿ, ಪೂರ್ತಿ ಓದಿ — ಬರ್ತಿದೀನಿ, ಬರ್ತಿದೀನಿ, ಎರಡನೆಯ ಸಾಲು ಇಲ್ಲೇ ಇದೆ, ಸತ್ತ ಮಂಗ ಕಂಡರೆ ಕಾಡಿಗೆ ಹೋಗಬೇಡಿ, ಬಾಯಿಪಾಠ ಬರುತ್ತದೆ, ಆದರೆ ಅಕ್ಷರಗಳ ಮೇಲೆ ತರಗೆಲೆ, ತರಗೆಲೆಯ ಮೇಲೆ ಬೆರಳು ಮಡಚದ, ಕಪ್ಪಗಿನ, ಮಗುವಿನದರಷ್ಟು ಚಿಕ್ಕ ಅಂಗೈ, ಮೇಲೆ ಮಾಡಿ, ಏನೋ ಕೇಳಿದ ಹಾಗೆ, ಮುಂದಿನ ಸಾಲು ಓದಗೊಡದೆ.