ಖಾಲಿ ಕೇಜು

ಡಾಕ್ಟರು ಒಂದು ವಾರದ ಗಡುವು ಕೊಟ್ಟು ಅಪ್ಪನನ್ನು ಚಿನ್ನದ ಗಣಿಯ ಊರು ಉರಿಗಾಂನ ಮನೆಗೆ ಕಳಿಸಿದ್ದರು. ಅವನಿಗೆ ಉಳಿದಿದ್ದ ಆಸೆ ಒಂದೇ. ನಾನು ಅಳೆಯುತ್ತಿದ್ದ ನಕ್ಷತ್ರದ ಜೊತೆಗಾರ ನಕ್ಷತ್ರ ಎಷ್ಟು ತೂಕ ಅಂತ ತಿಳಿಯಬೇಕು.

ನನ್ನ ಪಿಎಚ್‌ಡಿ ಕೆಲಸ ಅಪ್ಪನಿಗೆ ಅರ್ಥವಾದಷ್ಟು ನನ್ನ ಗೆಳತಿಯರಿಗೂ ಆಗಿರಲಿಲ್ಲ. ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರ ನಮ್ಮತ್ತ ಬಂದರೆ ಅವು ನೀಲಿಯ ಕಡೆ, ದೂರ ಹೋದರೆ ಕೆಂಪಿನ ಕಡೆ ಜರುಗುತ್ತವೆ. ಆ ಜರುಗಾಟದಿಂದಲೇ ಕಣ್ಣಿಗೆ ಬೀಳದ ಇನ್ನೊಂದು ನಕ್ಷತ್ರದ ಸುತ್ತು, ತೂಕ ಲೆಕ್ಕ ಹಾಕಬೇಕು. ಅಪ್ಪ ಗಣಿಯಲ್ಲಿ ಆಳುಗಳನ್ನು ಒಯ್ಯುವ ಕಬ್ಬಿಣದ ಪಂಜರವನ್ನು, ಅಂದರೆ ಕೇಜನ್ನು, ಹಗ್ಗದಿಂದ ಇಳಿಸಿ ಹತ್ತಿಸುವ ಎಂಜಿನ್ ಓಡಿಸಿದವನು. ಕೇಜು ಅವನಿಗೆ ಕಾಣುತ್ತಲೇ ಇರಲಿಲ್ಲ. ಆಳ ತೋರಿಸುವ ಡಯಲಿನ ಮುಳ್ಳು ನೋಡಿಕೊಂಡೇ ಜನರನ್ನು ಪಾತಾಳಕ್ಕೆ ಬಿಟ್ಟು ವಾಪಸು ತರುತ್ತಿದ್ದ.

"ನಿನ್ ನಕ್ಷತ್ರ ಒಂದ್ ಸುತ್ತು ಬರಕ್ಕೆ ಎಷ್ಟು ದಿನ?" ಆ ಬೆಳಿಗ್ಗೆ ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಮುನ್ನೂರ ಅರವತ್ತೈದು, ಹತ್ತಿರ ಹತ್ತಿರ."

ಅಪ್ಪ ಕಣ್ಣು ತೆರೆದ. "ಅದು ನಮ್ ವರ್ಷ ಅಲ್ವೇನಮ್ಮಾ?"

ನನಗೂ ಒಳಗೊಳಗೇ ಗೊತ್ತಿತ್ತು. ಭೂಮಿ ಓಡಿದರೂ ಗೆರೆ ಜರುಗುತ್ತದೆ, ಆ ಓಟವನ್ನು ಲೆಕ್ಕದಿಂದ ಕಳೆಯಬೇಕು. ನಕ್ಷತ್ರದ ದಾಖಲೆ ಕೊಟ್ಟ ವೀಕ್ಷಣಾಲಯದವರು ಅದನ್ನು ಮೊದಲೇ ಕಳೆದಿದ್ದರು, ನಾನು ಇನ್ನೊಮ್ಮೆ ಕಳೆದಿದ್ದೆ. ಹೋದ ವಾರವೇ ಅನುಮಾನ ಬಂದಿತ್ತು. ತೆಗೆದು ನೋಡುವ ಧೈರ್ಯ ಬರಲಿಲ್ಲ. ಲೇಖನ ಅಚ್ಚಿಗೆ ಹೋಗಿತ್ತು, ಅಪ್ಪ ಬೇರೆ ಕಾಯುತ್ತಿದ್ದ.

"ಜೊತೆಗಾರ ಇಲ್ಲಪ್ಪಾ. ಓಡಾಡ್ತಿದ್ದದ್ದು ನಾವೇ. ಸದ್ಯಕ್ಕೆ ಯಾರಿಗೂ ಗೊತ್ತಿಲ್ಲ."

ಅಪ್ಪ ಪಕ್ಕದ ಮನೆಯ ಗೋಡೆಯತ್ತ ಹೊರಳಿದ.

"ನಾನೂ ಇಂಗೇ ಮಾಡ್ದೆ. ಕೇಜಿಗೆ ಒಸ ಅಗ್ಗ ಆಕಿದ್ರು. ಒಸ ಅಗ್ಗ ಉದ್ದ ಆಗ್ತದೆ, ಖಾಲಿ ಕೇಜು ಒಂದ್ ಟ್ರಿಪ್ ಓಡ್ಸಿ ಮುಳ್ಳು ಸರಿ ಮಾಡ್ಕೋಬೇಕು. ಸೋಮಾರಿತನ, ಬಿಟ್ಬಿಟ್ಟೆ. ಕೇಜು ತಳಕ್ಕೆ ಬಡೀತು. ಒಳ್ಗೆ ಆರುಮುಗಂ ಇದ್ದ."

"ಬ್ರೇಕ್ ಕೆಟ್ಟಿತ್ತಂತಲ್ಲ?"

"ನಾನೇ ಅಂಗಂದೆ. ಕಂಪನಿಯೋರು ಅಂಗೇ ಬರ್ಕೊಂಡ್ರು."

ಆರುಮುಗಂ ಪಕ್ಕದ ಮನೆಯವನು, ಸತ್ತು ಇಪ್ಪತ್ತೇಳು ವರ್ಷ. ಅಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ಕನಕಮ್ಮನೇ ದಿನಾ ಬೆಳಿಗ್ಗೆ ಅಪ್ಪನಿಗೆ ಗಂಜಿ ತರುತ್ತಾಳೆ, ಬಾಯ್ತುಂಬ ಅಣ್ಣಾ ಅನ್ನುತ್ತಾಳೆ. ನನಗೆ ಸಾಯುವವನ ಮೇಲೆ ಮರುಕ ಬರಬೇಕಿತ್ತು, ಬಂದದ್ದು ಸಿಟ್ಟು.

"ನೀನು ಬರ್ದಾಕು, ತಪ್ಪಾಯ್ತು ಅಂತ. ಈಗ್ಲೇ," ಅಂದ ಅಪ್ಪ.

ಲ್ಯಾಪ್‌ಟಾಪ್ ತೆಗೆದು ಗೈಡ್‌ಗೆ ನಾಲ್ಕು ಸಾಲು ಬರೆದೆ. ಮೂರು ವರ್ಷದ ದುಡಿಮೆ ಅಷ್ಟರಲ್ಲೇ ಮುಗಿಯಿತು. ಕಳಿಸಿದೆ.

ಹೊರಗೆ ಚಪ್ಪಲಿ ಬಿಟ್ಟ ಸದ್ದಾಯಿತು. ಕನಕಮ್ಮ ಲೋಟ ಹಿಡಿದು ಒಳಗೆ ಬಂದಳು. "ಅಣ್ಣಾ, ಎದ್ದೇಳಿ, ಬಿಸಿಯಾಗಿದೆ."

ಅಪ್ಪ ಲೋಟ ಮುಟ್ಟಲಿಲ್ಲ.

"ಗಂಜಿ ಕೆಳಗಿಡಮ್ಮ," ಅಂದ. "ಮೊದ್ಲು ಕೂತ್ಕೋ."