ಬೋಳು ಹಣೆಯ ವಾರ

"ಏನೇ ಇದು, ಹಣೆ ಬೋಳು ಮಾಡ್ಕೊಂಡು ಬಂದಿದೀಯಲ್ಲೇ? ಗಂಡ ಸತ್ತನೇನೇ ನಿಂದು?"

ಪಾತ್ರೆ ತಿಕ್ಕುತ್ತಿದ್ದವಳು ಗಾಬರಿಯಿಂದ ಹಣೆ ಮುಟ್ಟಿಕೊಂಡೆ. ಸೋಪಿನ ನೊರೆ ಹತ್ತಿತೇ ಹೊರತು ಬೊಟ್ಟು ಸಿಗಲಿಲ್ಲ. ಚೂಡಾಮಣಿಯಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಚಾಮರಾಜಪುರಂನ ಆ ಮನೆಯ ಮುಸುರೆ ನಾನು ಮದುವೆಯಾಗಿ ಬಂದಾಗಿನಿಂದ ನನ್ನದೇ.

"ಎಲ್ಲೋ ಬಿದ್ದೋಯ್ತು ಅಂತ ಕಾಣ್ತದೆ ಅಮ್ಮಾ," ಅಂದೆ.

ಬಿದ್ದಿರಲಿಲ್ಲ. ಕೆಸರೆಯ ಜವರಯ್ಯಣ್ಣನ ಮನೆಯ ಬಾಗಿಲ ಚೌಕಟ್ಟಿಗೆ ಅಂಟಿಕೊಂಡಿತ್ತು. ಭಾನುವಾರ ಅಲ್ಲಿ ಪ್ರಾರ್ಥನೆಗೆ ಹೋಗುವ ಹೆಂಗಸರು ಒಳಗೆ ಕಾಲಿಡುವ ಮೊದಲು ಹಣೆಯ ಸ್ಟಿಕ್ಕರ್ ಕಿತ್ತು ಚೌಕಟ್ಟಿಗೆ ಅಂಟಿಸುತ್ತೇವೆ. ಹೊರಡುವಾಗ ಮತ್ತೆ ಹಣೆಗೆ ಇಟ್ಟುಕೊಳ್ಳುತ್ತೇವೆ. ಯೇಸಪ್ಪನಿಗೊಂದು ಹಣೆ, ಊರಿಗೊಂದು ಹಣೆ. ಎರಡೂ ಕಡೆ ಬದುಕಬೇಕಲ್ಲ! ನಿನ್ನೆ ಹಾಡಿನ ಗುಂಗಿನಲ್ಲಿ ಮರೆತು ಬಂದಿದ್ದೆ. ಬೆಳಗಿನ ಕತ್ತಲಲ್ಲೇ ಮನೆ ಬಿಟ್ಟವಳಿಗೆ ಕನ್ನಡಿ ನೋಡುವ ಪುರಸೊತ್ತೆಲ್ಲಿ?

ಅಷ್ಟರಲ್ಲಿ ಅವರ ಮಗ ಪವಮಾನ ಕಾಫಿ ಲೋಟ ಹಿಡಿದು ಬಂದ. ಓದಿದವನು, ಲಾಯರು.

"ಅಮ್ಮ, ಇವಳು ಕನ್ವರ್ಟ್ ಆಗಿದಾಳೆ ಕಣಮ್ಮ. ಸಂಡೆ ಎಲ್ಲಿಗೆ ಹೋಗ್ತಾಳೆ ಕೇಳು. ಏನೇ, ತಾಯಿ ಹೆಸರಿಟ್ಕೊಂಡು ಚಾಮುಂಡಮ್ಮ ಅಂತ ಮೆರೀತೀಯ, ಅಲ್ಲಿ ಹೋಗಿ ಶಿಲುಬೆ ನೆಕ್ತೀಯಾ? ಯಾರ ಮನೇಲಿ ಸೇರ್ತೀರಿ?"

"ಎಲ್ಲೂ ಇಲ್ಲ ಸ್ವಾಮಿ."

"ಬೊಗಳೇ! ಶನಿವಾರದೊಳಗೆ ಮನೆ ತೋರಿಸ್ಬೇಕು. ಇಲ್ದಿದ್ರೆ ಈ ಹಿತ್ತಲಿಗೆ ಕಾಲಿಡ್ಬೇಡ."

ಅವನು ಯಾಕೆ ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಹೋದ ತಿಂಗಳು ಊರಾಚೆಯ ಒಂದು ಬಡಾವಣೆಯಲ್ಲಿ ಪ್ರಾರ್ಥನೆಗೆ ಕೂತವರನ್ನು ಹೊರಗೆಳೆದು ಹೊಡೆದು, ಬೈಬಲ್ಲುಗಳನ್ನು ಚರಂಡಿಗೆ ಎಸೆದಿದ್ದರು. ಹೊಡೆಸಿಕೊಂಡವರ ಮೇಲೆಯೇ ಕೇಸಾಯಿತು. ಅಂದಿನಿಂದ ನಾವು ಕಿಟಕಿ ಮುಚ್ಚಿ, ಚಪ್ಪಾಳೆ ತಟ್ಟದೆ, ಗಂಟಲೊಳಗೇ ಹಾಡುತ್ತೇವೆ.

ಆ ವಾರ ನಾನು ತೊಳೆದಿಟ್ಟ ಪಾತ್ರೆಗೆ ಚೂಡಾಮಣಿಯಮ್ಮ ಅರಿಶಿನದ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡರು. ಒಂದು ದಿನ ಪವಮಾನ ಬೆಟ್ಟದ ತಾಯಿಯ ಕುಂಕುಮ ತಂದು, ಮೈ ತಾಕದಂತೆ ದೂರದಿಂದಲೇ ನನ್ನ ಮುಖಕ್ಕೆ ಎರಚಿದ. "ಹಚ್ಕೋ ಮುಂಡೆ," ಅಂದ. ಕಣ್ಣಿಗೆ ಬಿದ್ದು ಉರಿ ತಡೆಯಲಾಗಲಿಲ್ಲ. ನೆಲಕ್ಕೆ ಚೆಲ್ಲಿದ್ದನ್ನು ಒರೆಸಿದವಳೂ ನಾನೇ.

ಶನಿವಾರ ಮತ್ತೆ ಕೇಳಿದ. ಗೊತ್ತಿಲ್ಲ ಅಂದೆ.

"ಸರಿ ಹೋಗು. ನಾವೇ ನೋಡ್ಕೋತೀವಿ," ಅಂದ, ಮೆತ್ತಗೆ. ಬೈಗುಳಕ್ಕಿಂತ ಆ ಮೆತ್ತನೆಯ ಮಾತಿಗೇ ನಾನು ಹೆಚ್ಚು ಹೆದರಿದೆ.

ನನ್ನ ಗಂಡ ಮಹದೇವಪ್ಪ ದೇವರು ದಿಂಡರ ಗೊಡವೆಗೆ ಹೋಗುವವನಲ್ಲ. ಭಾನುವಾರ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುವುದನ್ನು ನೋಡಿ ರೇಗಿದ.

"ಒಂದ್ ವಾರ ಓಗ್ದೆ ಇದ್ರೆ ನಿನ್ ಯೇಸಪ್ಪ ಏನ್ ಕ್ವಾಪ ಮಾಡ್ಕತ್ತಾನ? ಸತ್ತೋಯ್ತೀಯ ಕಣೇ!"

"ವಾರವೆಲ್ಲ ಸತ್ತೇ ಇವ್ನಿ ಕಣಯ್ಯ. ಅದೊಂದ್ ಗಂಟೆನಾದ್ರೂ ಬದುಕ್ಬೇಡ್ವಾ?" ಅಂದುಬಿಟ್ಟೆ. ಬಾಯಲ್ಲಿ ಅಂದದ್ದಷ್ಟೇ, ಕಾಲು ಮಾತ್ರ ಮುಂದೆ ಬರುತ್ತಿರಲಿಲ್ಲ. ಹಿಂದೆ ಹಿಂದೆ ತಿರುಗಿ ನೋಡುತ್ತ, ಬೇಡದ ಗಲ್ಲಿಗಳನ್ನೆಲ್ಲ ಸುತ್ತಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಜವರಯ್ಯಣ್ಣನ ಮನೆ ಸೇರಿದೆ.

ಜವರಯ್ಯಣ್ಣ ಮಂಡಿ ಮೊಹಲ್ಲಾದಲ್ಲಿ ಮೂಟೆ ಹೊರುವವನು. ಭಾನುವಾರ ಮಾತ್ರ ಬಿಳಿ ಶರ್ಟು ತೊಟ್ಟು ವಾಕ್ಯ ಓದುತ್ತಾನೆ. ಶೀಟಿನ ಮನೆ, ಒಳಗೆ ಸೆಕೆಯೋ ಸೆಕೆ. ಎಲ್ಲರೂ ಒಂದೇ ಚಾಪೆಯ ಮೇಲೆ ಒತ್ತಿಕೊಂಡು ಕೂತಿದ್ದರು. ಅವನ ಹೆಂಡತಿ ಪ್ರೇಮಲೀಲಾ ನನ್ನ ಮುಖ ನೋಡಿದವಳೇ ಎದ್ದು ಬಂದು ತಲೆಯ ಮೇಲೆ ಕೈಯಿಟ್ಟಳು.

"ಯೇಸಪ್ಪಾ, ನಿನ್ ಮಗಳು ಎದರವ್ಳೆ. ಯಾಕೇಂತ ನಿಂಗೇ ಗೊತ್ತು. ಅವಳ ಕೈ ಬುಡಬ್ಯಾಡ ನನ್ನಪ್ಪಾ."

ಬಟ್ಟೆ ಒಗೆದು ಒಗೆದು ಒರಟಾದ ಕೈ. ಆ ವಾರವಿಡೀ ನನ್ನ ಹತ್ತಿರ ಬಂದವರೆಲ್ಲ ಬೈಯಲು ಬಂದವರು, ಎರಚಲು ಬಂದವರು. ಆ ಕೈ ತಲೆಯ ಮೇಲೆ ಬಿದ್ದದ್ದೇ ಅಳು ಒತ್ತರಿಸಿ ಬಂತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಅತ್ತು ಮುಗಿಯುವಷ್ಟರಲ್ಲಿ ಉಸಿರಾಡಲು ಎದೆಯಲ್ಲಿ ಜಾಗವಾಗಿತ್ತು. ನಾನೂ ಹಾಡಿದೆ. ಹಾಡು ಮುಗಿಯುವವರೆಗೆ ನನಗೆ ಪವಮಾನನ ನೆನಪೇ ಬರಲಿಲ್ಲ.

"ಸಾಕ್ಷಿ ಏಳೋರು ಎದ್ನಿಂತು ಏಳಿ," ಅಂದ ಜವರಯ್ಯಣ್ಣ. ವಾರದಲ್ಲಿ ದೇವರು ಏನು ನಡೆಸಿದ ಎಂದು ಒಬ್ಬೊಬ್ಬರೇ ಹೇಳುವುದು ನಮ್ಮ ಪದ್ಧತಿ. ಜ್ವರ ವಾಸಿಯಾಗಿದ್ದು, ಮಗ ಕುಡಿತ ಬಿಟ್ಟದ್ದು. ನಾನು ಎದ್ದು ನಿಂತೆ. ಬೊಟ್ಟು ಮರೆತದ್ದರಿಂದ ಹಿಡಿದು ಎಲ್ಲ ಹೇಳಿದೆ. "ಮನೆ ಎಲ್ಲೀಂತ ಮಾತ್ರ ಏಳ್ಲಿಲ್ಲ ಕಣಣ್ಣ. ಆದ್ರೆ ಅವ್ನು ಬುಡೋ ಪೈಕಿ ಅಲ್ಲ."

ಬಾಣಂತಿಯೊಬ್ಬಳು ಕೂಸನ್ನೆತ್ತಿಕೊಂಡು ಸರಸರನೆ ಹಿಂಬಾಗಿಲಿಂದ ಹೊರಟುಹೋದಳು. "ಆ ಬೋಳಿಮಕ್ಳು ಮನೆ ಆಳಾಗೋಗ..." ಎಂದು ಶುರುಮಾಡಿದ ಮುದುಕಿಯೊಬ್ಬಳನ್ನು ಜವರಯ್ಯಣ್ಣ ತಡೆದ.

"ಪ್ರಾರ್ಥನೆ ಟೈಮು ಕಣವ್ವ. ಆಮೇಲ್ ಬೈಯ್ವಂತೆ."

ಆಗಲೇ ಬೈಕುಗಳು ಬಂದು ನಿಂತ ಸದ್ದಾಯಿತು. ಅಷ್ಟೆಲ್ಲ ಸುತ್ತಿ ಬಂದರೂ ಅವರು ನನ್ನ ಹೆಜ್ಜೆ ಹಿಡಿದೇ ಬಂದಿದ್ದರು. ಬಾಗಿಲು ದಡದಡ ಅಂತು.

"ತೆಗೀರೋ! ಯಾರ್ಯಾರನ್ನ ಮತಾಂತರ ಮಾಡ್ತಿದೀರೋ ಒಳಗೆ?"

ಪವಮಾನನ ದನಿ. ಜವರಯ್ಯಣ್ಣ ಬೈಬಲ್ ಮುಚ್ಚಿ ಎದೆಗವಚಿಕೊಂಡ. "ಎಂಗಸ್ರೆಲ್ಲ ಇಂದ್ಗಡೆಯಿಂದ ಓಗ್ಬುಡಿ," ಅಂದ. ಕೆಲವರು ಎದ್ದರು. ಪ್ರೇಮಲೀಲಾ ಕೂತಲ್ಲೇ ಕಣ್ಣುಮುಚ್ಚಿ ಮತ್ತೆ ಹಾಡು ಎತ್ತಿಕೊಂಡಳು, ಈ ಸಲ ಗಂಟಲು ಬಿಟ್ಟು. ಯಾರೋ ಚಪ್ಪಾಳೆ ಸೇರಿಸಿದರು.

ನಾನು ಹಿಂಬಾಗಿಲ ಕಡೆಗೇ ಹೊರಟವಳು. ಹೇಗೆ ತಿರುಗಿದೆನೋ ತಿಳಿಯದು, ಹೋಗಿ ಮುಂಬಾಗಿಲ ಅಗುಳಿ ಎಳೆದೆ.

ಎದುರಿಗೆ ಪವಮಾನ. ಅವನ ಹಿಂದೆ ಮೊಬೈಲು ಎತ್ತಿ ಹಿಡಿದ ಹುಡುಗರು, ಒಬ್ಬನ ಕೈಯಲ್ಲಿ ದೊಣ್ಣೆ. ಪವಮಾನ ನನ್ನನ್ನು ನೋಡಿ ಹಲ್ಲು ಬಿಟ್ಟ. ಒಳಗೆ ನುಗ್ಗಲು ಬೂಟುಗಾಲು ಎತ್ತಿದ.

ಬಾಗಿಲ ಎರಡೂ ಕಡೆ ಕೈ ಅಡ್ಡ ಹಿಡಿದೆ.

"ಬೂಟು ಆಚೆ ಬುಟ್ಟು ಬನ್ನಿ ಸ್ವಾಮಿ. ಇದು ದೇವರ ಮನೆ."