ಸಾಕ್ಷಿಯಿಲ್ಲದ ಸಾವು

ಲಾವಣ್ಯಾ ಸತ್ತದ್ದು ದೆಹಲಿಯ ಕೋಚಿಂಗ್ ಸೆಂಟರಿನ ವಾಟರ್ ಕೂಲರ್ ಮುಂದೆ. ಅದು ಏಪ್ರಿಲ್ ತಿಂಗಳ ಮಧ್ಯಾಹ್ನ. ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ ಹತ್ತಿರ ಬಂದಿತ್ತು. ಬಾಟಲಿ ತುಂಬಿಸಿಕೊಂಡು ಬರುತ್ತೇನೆಂದು ಪಾಠದ ನಡುವೆ ಎದ್ದು ಹೋದವಳು ನಲ್ಲಿಗೆ ಕೈ ಹಚ್ಚಿದ್ದೇ ತಡ, ಬಿಡಿಸಿಕೊಳ್ಳಲಾಗದೆ ಅಂಟಿಕೊಂಡಳು. ಯಾರೋ ಓಡಿಹೋಗಿ ಮೇನ್ ಸ್ವಿಚ್ ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೆಳತಿ ಸಂಯುಕ್ತಾ ಕ್ಲಾಸಿನ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು.

ಆ ಬ್ಯಾಚಿನಲ್ಲಿ ಕನ್ನಡದವರು ಅವರಿಬ್ಬರೇ. ಲಾವಣ್ಯಾಳ ತಂದೆ ಮಹಂತೇಶ್ ಬಿಜಾಪುರದ ಕಡೆಯವರು, ಕರೋಲ್ ಬಾಗಿನ ಒಂದು ಸಣ್ಣ ಹೋಟೆಲಿನಲ್ಲಿ ಮ್ಯಾನೇಜರ್. ಸಂಯುಕ್ತಾಳ ತಂದೆ ಚಿದಂಬರ ಕೇಂದ್ರ ಸರ್ಕಾರದ ನೌಕರ, ಮನೆ ಪೀತಮ್‌ಪುರದಲ್ಲಿ. ದೆಹಲಿಯಲ್ಲೇ ಹುಟ್ಟಿ ಬೆಳೆದ ಸಂಯುಕ್ತಾಳ ಕನ್ನಡ ಕೇಳಿ ಲಾವಣ್ಯಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಆಮೇಲೆ ತಿದ್ದುತ್ತಿದ್ದಳು. ಇಬ್ಬರೂ ವಕೀಲರಾಗಬೇಕೆಂದು ಹೊರಟವರು.

ಹಿಂದಿನ ವಾರವಷ್ಟೇ ಅದೇ ಕೂಲರಿನಿಂದ ಸಂಯುಕ್ತಾಳಿಗೂ ಕರೆಂಟು ಹೊಡೆದಿತ್ತು. ಅವಳು ನೇರವಾಗಿ ಡೈರೆಕ್ಟರ್ ಕೋಣೆಗೆ ಹೋಗಿ ಹೇಳಿದ್ದಳು. "ಚಪ್ಪಲಿ ಹಾಕ್ಕೊಂಡು ನೀರು ಹಿಡಿ, ಬೇಟಾ" ಎಂದು ಅವರು ನಕ್ಕು ಕಳಿಸಿದ್ದರು. ಈಗ ಅದೇ ಡೈರೆಕ್ಟರ್, ಯಾರೂ ದೂರು ಕೊಟ್ಟಿರಲಿಲ್ಲ, ಹುಡುಗಿಯ ಹೃದಯವೇ ದುರ್ಬಲವಾಗಿತ್ತು ಎಂದು ಪೊಲೀಸರಿಗೆ ಹೇಳಿದ್ದರು.

ಮಗಳನ್ನು ಮಣ್ಣು ಮಾಡಿ ಬಂದ ಕೆಲವು ದಿನಕ್ಕೆ ಮಹಂತೇಶ್ ಪೀತಮ್‌ಪುರದ ಮನೆಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

"ಆ ಮಷೀನು ಮೊದಲ ಕೆಟ್ಟಿತ್ತೇನವ್ವಾ? ನಿನಗ ಗೊತ್ತಿತ್ತೇನು?"

"ಗೊತ್ತಿತ್ತು ಅಂಕಲ್. ನನಗೂ ಶಾಕ್ ಹೊಡೆದಿತ್ತು. ಡೈರೆಕ್ಟರ್‌ಗೆ ನಾನೇ ಹೇಳಿದ್ದೆ."

"ಅಷ್ಟ ಪೊಲೀಸರ ಮುಂದ ಹೇಳು. ಬ್ಯಾರೆ ಏನೂ ಬ್ಯಾಡ ನನಗ."

"ಪರೀಕ್ಷೆ ಒಂದು ಮುಗೀಲಿ, ಆಮೇಲೆ ನೋಡೋಣ" ಎಂದರು ಚಿದಂಬರ.

"ಇಲ್ಲಪ್ಪ, ನಾಳೇನೇ ಹೋಗೋಣ" ಎಂದಳು ಸಂಯುಕ್ತಾ.

ಮರುದಿನ ತಂದೆಯೇ ಅವಳನ್ನು ಠಾಣೆಗೆ ಕರೆದುಕೊಂಡು ಹೋದರು. ಅವಳು ಹೇಳಿದ್ದನ್ನೆಲ್ಲ ಇನ್ಸ್‌ಪೆಕ್ಟರ್ ಹಿಂದಿಯಲ್ಲಿ ಬರೆದುಕೊಂಡು ಓದಿ ಕೇಳಿಸಿದರು. ಸರಿಯಾಗಿತ್ತು. ಅವಳನ್ನು ಹೊರಗೆ ಕೂರಲು ಹೇಳಿ ಚಿದಂಬರ ಸ್ವಲ್ಪ ಹೊತ್ತು ಒಳಗೇ ಉಳಿದರು. ಆಮೇಲೆ ಬಂದು "ಆಯ್ತು, ಚಲೋ" ಎಂದು ಮುಂದೆ ನಡೆದರು.

ಅವಳು ಪರೀಕ್ಷೆ ಬರೆದಳು, ಪಾಸೂ ಆದಳು. ಪ್ರಶ್ನೆಪತ್ರಿಕೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿನ ಬಗ್ಗೆ ಕೇಳಿದ್ದಕ್ಕೆಲ್ಲ ಯೋಚಿಸದೆ ಉತ್ತರ ಗುರುತು ಹಾಕಿದ್ದಳು. ದಕ್ಷಿಣದ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಜೂನಿನಲ್ಲಿ ಕೋಚಿಂಗ್ ಸೆಂಟರಿನವರು ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಕೊಟ್ಟರು. ಗೆದ್ದವರ ಸಾಲಿನಲ್ಲಿ, ಅವಳನ್ನು ಒಂದು ಮಾತೂ ಕೇಳದೆ, ಅವಳ ಫೋಟೊ ಹಾಕಿದ್ದರು.

ಕಾಲೇಜಿಗೆ ಹೊರಡುವ ಮುನ್ನ ಮಹಂತೇಶ್ ಫೋನ್ ಮಾಡಿದರು.

"ಕೇಸು ಮುಚ್ಚಾಕತ್ತಾರ. ಸಾಕ್ಷಿನ ಇಲ್ಲಂತ ಬರದಾರ. ನೀ ಹೋಗೇ ಇಲ್ಲೇನು?"

"ಹೋಗಿದ್ದೆ ಅಂಕಲ್, ಕಸಮ್ ಸೆ, ಆಣೆ ಮಾಡಿ ಹೇಳ್ತೀನಿ!"

"ಪೇಪರ್‌ನ್ಯಾಗ ನಿನ್ನ ಫೋಟೊ ನೋಡಿದೆ" ಎಂದಷ್ಟೇ ಹೇಳಿ ಅವರು ಫೋನ್ ಇಟ್ಟರು.

ಸಂಜೆ ಚಿದಂಬರ ಆಫೀಸಿನಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಅವಳು ಕೇಳಿದಳು. "ಅಪ್ಪ, ಅವತ್ತು ಠಾಣೆಯೊಳಗೆ ನೀವೇನು ಹೇಳಿದ್ರಿ?"

ಅವರು ನಲ್ಲಿ ನಿಲ್ಲಿಸಿ, ಟವೆಲ್ಲು ಹುಡುಕುವವರಂತೆ ಆಚೆಗೆ ತಿರುಗಿದರು.

"ನಿನ್ನ ಹೆಸರು ಬೇಡ, ಆ ಹೇಳಿಕೆ ಸೇರಿಸಬೇಡಿ ಅಂದೆ. ಕೋರ್ಟು ಕಚೇರಿ ಅಂತ ನೀನು ಅಲೀಬಾರದು. ನನಗಿರೋದು ನೀನೊಬ್ಬಳೇ ಕಣೇ."

"ಅವರಿಗೂ ಒಬ್ಬಳೇ ಇದ್ದದ್ದು."

ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಮರುದಿನ ಅವಳು ಒಬ್ಬಳೇ ಕರೋಲ್ ಬಾಗಿಗೆ ಹೋದಳು. ಮಹಂತೇಶ್ ಹೋಟೆಲಿನ ಕೌಂಟರಿನಲ್ಲಿದ್ದರು. ಗಿರಾಕಿಗಳು ಹೋಗುವವರೆಗೆ ಕಾದು, ತಂದೆಯನ್ನು ಎಲ್ಲೂ ಮುಚ್ಚಿಡದೆ, ನಡೆದದ್ದನ್ನು ಹೇಳಿದಳು. ಅವರು ಬಿಲ್ ಪುಸ್ತಕ ಮುಚ್ಚಿಟ್ಟರು.

"ನಿಮ್ಮಪ್ಪಗ ಮಗಳು ಅದಾಳ. ಉಳಿಸ್ಕೊಂಡ" ಎಂದರು.

"ಕೇಸು ಮುಚ್ಚಬಾರದು ಅಂತ ಮ್ಯಾಜಿಸ್ಟ್ರೇಟ್ ಮುಂದೆ ತಕರಾರು ಅರ್ಜಿ ಹಾಕಿ ಅಂಕಲ್. ನಾನೇ ಬಂದು ಹೇಳ್ತೀನಿ."

ಅವರು ಹಾಕಿದರು; ಅವಳು ಹೇಳಿದಳು. ಚಿದಂಬರ ಕೋರ್ಟಿಗೆ ಬರಲಿಲ್ಲ, ಹೋಗಬೇಡ ಎಂದೂ ಅನ್ನಲಿಲ್ಲ. ಮತ್ತೆ ತನಿಖೆ ಮಾಡಿ ಎಂದು ಮ್ಯಾಜಿಸ್ಟ್ರೇಟ್ ಆದೇಶ ಕೊಟ್ಟ ದಿನ ಮಹಂತೇಶ್ ಅವಳ ತಲೆಯ ಮೇಲೆ ಕೈ ಇಟ್ಟರು.

ಮೊದಲ ಸೆಮಿಸ್ಟರ್ ಮುಗಿಸಿ ಡಿಸೆಂಬರಿನಲ್ಲಿ ಅವಳು ದೆಹಲಿಗೆ ಬಂದಾಗ ಆ ಇನ್ಸ್‌ಪೆಕ್ಟರಿಗೆ ವರ್ಗವಾಗಿತ್ತು. ಕೂಲರನ್ನು ಎಂದೋ ಗುಜರಿಗೆ ಹಾಕಿದ್ದರು. ಪರೀಕ್ಷಿಸಲು ವಸ್ತುವೇ ಉಳಿದಿರಲಿಲ್ಲ. ಕೋಚಿಂಗ್ ಸೆಂಟರ್ ಪಕ್ಕದ ಕಟ್ಟಡವನ್ನೂ ಬಾಡಿಗೆಗೆ ಹಿಡಿದಿತ್ತು. ಮಹಂತೇಶ್ ವಾಯಿದೆ ತಪ್ಪಿಸದೆ ಕೋರ್ಟಿಗೆ ಹೋಗುತ್ತಿದ್ದರು, ಹೆಂಡತಿಯನ್ನು ಊರಿಗೆ ಕಳಿಸಿದ್ದರು.

"ಮುಂದಿನ ವಾಯಿದೆ ಮಾರ್ಚಿನಲ್ಲಿ, ನಾನು ಬರ್ತೀನಿ" ಎಂದು ಅವಳು ಊಟಕ್ಕೆ ಕೂತಾಗ ತಂದೆಗೆ ಹೇಳಿದಳು.

"ಮಾರ್ಚಿನಲ್ಲಿ ನಿನಗೆ ಪರೀಕ್ಷೆ ಇರುತ್ತಲ್ಲ" ಎಂದರು ಚಿದಂಬರ, ಮೆಲ್ಲಗೆ.

"ಗೊತ್ತು. ಬರ್ತೀನಿ" ಎಂದು ಅವಳು ಅನ್ನಕ್ಕೆ ಸಾರು ಹಾಕಿಕೊಂಡಳು.